ಸಾಕು ಅನ್ನೋ ಮಾತು

ಹಸಿದು ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು ಅಂತ ನಮ್ಮ ಹಿರಿಯರು ಹೇಳ್ತಿದ್ದರು. ನಾಯಿಗೂ ಆ ಮಾತು ಸಲ್ಲುತ್ತಿತ್ತು. ಮುದ್ದೆ ತಿರುವಿದ ಮೇಲೆ ತಳ ಹತ್ತಿದ ಸೀಕು ನಾಯಿಯ ಪಾಲು. ಆ ನಾಯಿ ರಾತ್ರಿಯೆಲ್ಲಾ ರಾಗಿ ಹೊಲ ಕಾಯ್ತಿತ್ತು, ಹಂದಿ ಅಟ್ಟುತ್ತಿತ್ತು. ತಿಂದದ್ದು ಮೈಯಲ್ಲಿ ನಿಲ್ಲುತ್ತಿರಲಿಲ್ಲ.

ಈಗ ನಮ್ಮ ತೊರಪಲ್ಲಿ ಅಗ್ರಹಾರದಿಂದಲೂ ಹೊಸೂರಿನ ಕಾರ್ಖಾನೆಗಳಿಗೆ ಜನ ಹೋಗ್ತಾರೆ. ಮನೆಗೆ ಕಾಂಪೌಂಡು ಬಂತು, ನಾಯಿಗೆ ಸರಪಳಿ ಬಂತು. ಕೆಲಸದಿಂದ ಬಂದವರು ಒಬ್ಬೊಬ್ಬರೂ ಒಂದು ಬಿಸ್ಕತ್ತು, ಒಂದು ಬನ್ನು ಹಾಕ್ತಾರೆ. ನಾಯಿ ಊದುತ್ತೆ. ಆಮೇಲೆ ಕೀಲು ನೋವು, ಬಿಸಿಲಲ್ಲಿ ಏದುಸಿರು. ಹೀಗಿರುವಾಗ ಬೇಡಿದಷ್ಟೂ ಕೊಡೋದು ಧರ್ಮವೋ, ಕೈ ಹಿಡಿಯೋದು ಧರ್ಮವೋ?

ಬರಗಾಲ ಕಂಡವರಿಗೆ ಉಣ್ಣೋದನ್ನ ಕಡಿಮೆ ಮಾಡು ಅನ್ನೋದೇ ಪಾಪದ ಮಾತು. ಬಾಯಿಲ್ಲದ ಜೀವ, ಇರೋವಷ್ಟು ದಿನ ತಿಂದ್ಕೊಳ್ಳಲಿ ಅಂತಾರೆ. ಇರೋವಷ್ಟು ದಿನ ಓಡಾಡ್ಕೊಂಡಿರಲಿ ಅನ್ನೋದೂ ಬೇಕಲ್ಲ? ಹಸಿವೇ ಬೇರೆ, ಆಸೆಯೇ ಬೇರೆ. ಊಟಕ್ಕೆ ಕೂತ ಮನುಷ್ಯ ಎಲೆಗೆ ಕೈ ಅಡ್ಡ ಹಿಡೀತಾನೆ. ಬಹಳ ನಾಯಿಗಳಿಗೆ ಅದು ಬರೋದಿಲ್ಲ. ನಿಜ ಹೇಳಬೇಕಂದ್ರೆ, ಅದು ಬಾಲ ಆಡಿಸೋದು ನೋಡೋಕೆ ನಮಗೇ ಆಸೆ. ಹಾಗೆ ಕೊಟ್ಟ ತಿಂಡಿ ನಮ್ಮ ಸಂತೋಷಕ್ಕೆ ಕೊಟ್ಟದ್ದು; ಭಾರ ಹೊರೋದು ಮಾತ್ರ ನಾಯಿ.

ಹಾಗಂತ ಏನೂ ಕೊಡಬೇಡಿ ಅಂತಲ್ಲ. ದಿನದ ಆಹಾರದ ಕ್ಯಾಲೊರಿಯಲ್ಲಿ ನೂರಕ್ಕೆ 10 ಪಾಲು ಮೀರದಂತೆ ತಿಂಡಿ ಇರಲಿ, ಅಷ್ಟನ್ನ ಊಟದಲ್ಲಿ ಕಳೀರಿ ಅಂತ ಪಶುವೈದ್ಯರು ಹೇಳ್ತಾರೆ. ಬೇಯಿಸಿದ ಬೀನ್ಸು, ಕ್ಯಾರೆಟ್ಟು, ಸೌತೆಕಾಯಿ ಚೂರು ಸಾಕು. ಬೇಯಿಸಿ ಹಿಸುಕಿದ ಸಿಹಿಗುಂಬಳಕ್ಕೆ ರಾಗಿ ಹಿಟ್ಟು ಕಲಸಿ, ತೆಳ್ಳಗೆ ತಟ್ಟಿ, ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಒಣಗೋವರೆಗೂ ಸುಟ್ಟು, ಅವರೆಕಾಳಿನಷ್ಟು ಮುರಿದಿಟ್ಟುಕೊಳ್ಳಿ. ಉಪ್ಪು, ಬೆಲ್ಲ, ಎಣ್ಣೆ ಬೇಡ. ರಾಗಿಯಲ್ಲೂ ಬಲ ಇದೆ, ಅದಕ್ಕೇ ಎಣಿಸಿ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಒಂದು ಚೂರೂ ಬೇಡ. ಪಕ್ಕೆ ಮೇಲೆ ಕೈ ಆಡಿಸಿದರೆ ಎಲುಬು ಕೈಗೆ ಸಿಗಬೇಕು. ಒತ್ತಿದರೂ ಸಿಗದಿದ್ದರೆ ಮೈ ಜಾಸ್ತಿಯಾಗಿದೆ ಅಂತ ತಿಳೀರಿ. ತಿಂಡಿ ಕಡಿಮೆ ಮಾಡಿದರೆ ಸಾಲದು, ಸರಪಳಿ ಬಿಚ್ಚಿ ನಡೆಸಬೇಕು.

ನಾಯಿಗೆ ಮರ್ಯಾದೆ ಕೊಡೋದು ನಮ್ಮವರಿಗೆ ಹೊಸದಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಒಂದು ಶಾಸನ ಸಿಕ್ಕಿತು. ತಕ್ಕೋಲದ ಯುದ್ಧದಲ್ಲಿ ಚೋಳರನ್ನ ಗೆದ್ದಮೇಲೆ, ಗಂಗರ ಬೂತುಗ ತನ್ನ ವೀರ ಮಣಲರನಿಗೆ ಬೇಕಾದ್ದು ಕೇಳು ಅಂದ. ಆತ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ. ಕಾಳಿ ಒಂದು ದೊಡ್ಡ ಹಂದಿ ಜೊತೆ ಕಾದಾಡಿತು, ಎರಡೂ ಸತ್ತವು. ಆ ನಾಯಿಗೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಓಡಬಲ್ಲ ಮೈ ಇದ್ದದ್ದರಿಂದ ಅದು ಕಾಳಿ ಆಯ್ತು. ನಮ್ಮ ನಾಯಿ ಹಂದಿ ಹೊಡೀಬೇಕಿಲ್ಲ. ತನ್ನ ಮೈ ತಾನು ಹೊತ್ಕೊಂಡು ಓಡಿದರೆ ಆಯ್ತು.

ರಾತ್ರಿ ಭಜನೆಯಲ್ಲಿ ಇನ್ನೊಂದು, ಇನ್ನೊಂದು ಅಂತ ಜನ ಕೇಳ್ತಾನೇ ಇರ್ತಾರೆ. ಬೆಳಿಗ್ಗೆ ಅವರು ಹೊಲಕ್ಕೆ ಹೋಗಬೇಕು ಅನ್ನೋದನ್ನ ಹಾಡೋನು ನೆನಪಿಡಬೇಕು. ನಮ್ಮ ಕನ್ನಡದಲ್ಲಿ ನಾಯಿ ಸಾಕು ಅನ್ನೋದಕ್ಕೂ ತಿಂದದ್ದು ಸಾಕು ಅನ್ನೋದಕ್ಕೂ ಒಂದೇ ಮಾತು. ಸಾಕಿದವರು ಎರಡನ್ನೂ ಕಲೀಬೇಕು.