ಕೊಡುವ ಕೈ, ಕೇಳುವ ಬಾಯಿ

ದಾನಗಳಲ್ಲೆಲ್ಲ ವಿದ್ಯಾದಾನವೇ ಹಿರಿದೆಂಬುದು ನಮ್ಮಲ್ಲಿ ವಾಡಿಕೆಯ ಮಾತು. ನನಗೆ ಇದರಲ್ಲೊಂದು ಸಂದೇಹವುಂಟು. ದಾನವೆಂದ ಮೇಲೆ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ಪಡೆದವನು ಕೃತಜ್ಞನಾಗಿರಬೇಕೇ ಹೊರತು ತಕರಾರು ತೆಗೆಯುವಂತಿಲ್ಲ. ವಿಜ್ಞಾನಿಯೊಬ್ಬನು ಸಂಬಳದ ಆಸೆಯಿಲ್ಲದೆ ಊರವರಿಗೆ ತನ್ನ ಶಾಸ್ತ್ರವನ್ನು ಹೇಳಿಕೊಡಹೊರಟರೆ ಅದೂ ಇಂಥ ದಾನವೇ?

ಡಾ. ಎಚ್. ನರಸಿಂಹಯ್ಯನವರನ್ನು ನೆನೆಯೋಣ. ಗೌರಿಬಿದನೂರಿನ ಬಳಿಯ ಹೊಸೂರಿನವರು. ಓದಿನ ಹಂಬಲದಿಂದ ಬಾಲ್ಯದಲ್ಲಿ ಬೆಂಗಳೂರಿಗೆ ನಡೆದೇ ಬಂದವರು. ಅಮೆರಿಕದ ಒಹಾಯೋದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದೂ ಮರಳಿ ತಮ್ಮ ನ್ಯಾಷನಲ್ ಕಾಲೇಜಿಗೇ ಬಂದರು. ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ವಿಜ್ಞಾನಿಗಳನ್ನು ವಾರವಾರವೂ ಜನರೆದುರು ಮಾತನಾಡಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿರೆಂಬುದೇ ಅವರ ಉಪದೇಶ. ಈ ಮಾತು ಹೇಳಿದವನನ್ನೂ ಕಟ್ಟಿಹಾಕುತ್ತದೆ. ‘ಇದು ನಿಮಗೆ ಹೇಗೆ ಗೊತ್ತು?’ ಎಂದು ಕೇಳುಗನು ಎದ್ದು ನಿಂತರೆ ದಾನಿ ಮುನಿಯುವಂತಿಲ್ಲ. ಮೇಲಿದ್ದ ಕೈ ಇಳಿದು ಸಮನಾಗಬೇಕಾಗುತ್ತದೆ.

ಕೇಳುವುದಕ್ಕೆ ಭಾಷೆಯೂ ಬೇಕಷ್ಟೆ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿಯೇ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲ. ಆದರೂ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಿದವನು ಕನ್ನಡದಲ್ಲಿ ಪ್ರಶ್ನಿಸುವ ಅಧಿಕಾರವನ್ನೂ ಓದುಗನಿಗೆ ಒಪ್ಪಿಸಿದಂತಾಯಿತು.

ಈ ಅಧಿಕಾರವನ್ನು ನಮ್ಮ ಉಣಕಲ್ಲಿನಲ್ಲೇ ಬಳಸಿ ನೋಡೋಣ. ಇಲ್ಲಿಯ ಕೆರೆಯ ದಂಡೆಗೆ ಸಂಜೆ ಗಾಳಿಸೇವನೆಗೆಂದು ಬರುವವರು ನಾವು. ನೀರಿನ ಮೇಲೆ ಆಗಾಗ ಅಂತರಗಂಗೆ ಹಬ್ಬುತ್ತದೆ. ದಕ್ಷಿಣ ಅಮೆರಿಕದ ಈ ಕಳೆ ಹೂವಿನ ಚೆಲುವಿಗಾಗಿ ನಮ್ಮ ದೇಶಕ್ಕೆ ಬಂದಿತೆಂದು ವಿಜ್ಞಾನಿ ಹೇಳಿದರೆ ಎಲ್ಲರಿಗೂ ಸಂತೋಷವೇ. ‘ಇಷ್ಟು ಬೇಗ ಬೆಳೆಯಲು ಅದಕ್ಕೆ ಊಟವೆಲ್ಲಿಂದ?’ ಎಂದು ಹುಡುಗಿಯೊಬ್ಬಳು ಕೇಳಿದಳೆನ್ನಿ. ನೀರಿನಲ್ಲಿಯ ಸಾರಜನಕ, ರಂಜಕಗಳಿಂದ. ಅವು ಎಲ್ಲಿಂದ? ಹರಿದುಬರುವ ಕೊಳೆನೀರಿನಿಂದ. ಆ ಕೊಳೆ ಯಾರ ಮನೆಯದು? ಈ ಕೊನೆಯ ಪ್ರಶ್ನೆಗೆ ವಿಜ್ಞಾನಿಯೊಬ್ಬನೇ ಉತ್ತರ ಕೊಡಲಾರ. ನಾನೂ ನೀವೂ ಕೊಡಬೇಕು.

ಇಂಥ ಪಾಠ ಕೇಳುವವರಿಗೆ ಹಿತವಲ್ಲ, ಹೇಳುವವರಿಗೂ ಹಾರತುರಾಯಿಯ ಭರವಸೆಯಿಲ್ಲ. ನರಸಿಂಹಯ್ಯನವರು ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ನೇಮಿಸಿ ಹೊಗಳಿಕೆಯ ಜತೆಗೆ ತೆಗಳಿಕೆಯನ್ನೂ ಉಂಡರು.

ಆದುದರಿಂದ ಇದನ್ನು ದಾನವೆನ್ನುವುದಕ್ಕಿಂತ ಸಾಲ ತೀರಿಸುವುದೆನ್ನುವುದು ಮೇಲು. ಊರಿನ ಹಣದಿಂದ ಓದಿದವನು ಊರಿಗೆ ಲೆಕ್ಕ ಒಪ್ಪಿಸುತ್ತಾನೆ. ಲೆಕ್ಕ ಕೇಳುವ ಹಕ್ಕು ಊರಿಗಿದೆ. ಕೇಳಿದ ಮೇಲೆ ತನ್ನ ಲೆಕ್ಕವನ್ನೂ ತೋರಿಸುವ ಧೈರ್ಯ ಅದಕ್ಕೆ ಬರಬೇಕು.