ಗಾಜಿನ ಮಸಿ, ಒಲೆಯ ಹೊಗೆ

ಸುರಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಸಂಜೆಯಾದರೆ ಕಂದೀಲಿನ ಗಾಜು ಒರೆಸುವುದು ನನ್ನ ಪಾಲಿನ ಕೆಲಸ. ಹಳೆಯ ಸೀರೆಯ ಚೂರಿಗೆ ಒಲೆಯ ಬೂದಿ ಹಚ್ಚಿಕೊಂಡು, ಗಾಜಿನೊಳಗೆ ಪುಟ್ಟ ಕೈ ತೂರಿಸಿ ತಿಕ್ಕಿದರೆ ಮಸಿ ಹೋಗಿ ಗಾಜು ಹೊಳೆಯುತ್ತಿತ್ತು. ಒಮ್ಮೆ ದಿನಾ ಒರೆಸಿದರೂ ದಿನಾ ಕಪ್ಪಾಗತೊಡಗಿತು. ನಾನು ಅಳುಮೋರೆ ಮಾಡಿದ್ದು ಕಂಡು ಅವ್ವ, "ಮದ್ಲ ಬತ್ತಿ ಸಮ ಕತ್ತರ್ಸವ್ವಾ, ಆಮ್ಯಾಲೆ ಗಾಜು ಒರಸು" ಎಂದಳು. ಬತ್ತಿ ಓರೆಯಾದರೆ ಎಣ್ಣೆ ಪೂರ್ತಿ ಉರಿಯುವುದಿಲ್ಲ. ಬೆಳಕಾಗಬೇಕಾದದ್ದು ಮಸಿಯಾಗಿ ಗಾಜಿಗೆ ಹತ್ತುತ್ತದೆ.

ಇಷ್ಟು ತಿಳಿದಿದ್ದ ಅವ್ವ ತನ್ನ ಒಲೆಯ ವಿಷಯದಲ್ಲಿ ಮಾತ್ರ ಈ ಮಾತು ಆಡಲಿಲ್ಲ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಇವೇ ನಮ್ಮ ಉರುವಲು. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದಿ ಊದಿ ಅವಳ ಕಣ್ಣು ಕೆಂಪಾಗುತ್ತಿದ್ದವು. ಕಂಡವರು "ಎಂಥಾ ತಾಳ್ಮೆಯ ಹೆಣ್ಣುಮಗಳು" ಎಂದು ಹೊಗಳುತ್ತಿದ್ದರು. ದೊಡ್ಡವಳಾದ ಮೇಲೆ ನಾನೂ ಹಾಗೇ ಹೊಗಳಿದೆ. ಆ ಹೊಗಳಿಕೆ ಬರಿಯ ಗಾಜು ಒರೆಸುವ ಕೆಲಸವಾಗಿತ್ತೆಂದು ಈಗ ಅನ್ನಿಸುತ್ತದೆ. ಬತ್ತಿಯ ಕಡೆ ಯಾರೂ ನೋಡಲಿಲ್ಲ.

ಹೊಗೆಯೆಂದರೆ ಪೂರ್ತಿ ಉರಿಯದ ಕಟ್ಟಿಗೆಯೇ. ಕಟ್ಟಿಗೆ ಹಸಿಯಾಗಿದ್ದರೆ ಕಾವಿನ ಒಂದು ಪಾಲು ನೀರು ಆರಿಸುವುದಕ್ಕೇ ಹೋಗುತ್ತದೆ; ಒಲೆಯ ಬಾಯಿ ತುಂಬ ತುರುಕಿದರೆ ಗಾಳಿ ಆಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಇದನ್ನೇ ಲೆಕ್ಕ ಹಾಕಿ, ಹೊಗೆಕೊಳವೆಯ ಅಸ್ತ್ರ ಒಲೆ ಮಾಡಿದರು. ಅದಕ್ಕೆ ಕಟ್ಟಿಗೆಯೂ ಕಡಿಮೆ ಸಾಕು. 2016ರಲ್ಲಿ ಉಜ್ವಲ ಯೋಜನೆ ಬಂದು ಬಡವರ ಮನೆಗೂ ಗ್ಯಾಸ್ ಬಂತು. ಆದರೂ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈಗ ನಾನಿರುವುದು ಯಾದಗಿರಿಯಲ್ಲಿ. ಗ್ಯಾಸಿನ ಒಲೆ, ಬೆಳ್ಳನೆಯ ಗೋಡೆ. ಜೋಳದ ರೊಟ್ಟಿಯನ್ನು ಮಾತ್ರ ಹಿಂದಿನ ಓಣಿಯ ಒಬ್ಬಾಕೆಯಿಂದ ತರಿಸುತ್ತೇನೆ. "ಕಟ್ಟಿಗೆ ಒಲಿ ರೊಟ್ಟಿ, ಅದರ ರುಚಿನೇ ಬ್ಯಾರೆ" ಎಂದು ಬಂದವರಿಗೆ ಬಡಿಸುವಾಗ ನನಗೊಂದು ಹೆಮ್ಮೆ. ಒಂದು ದಿನ ರೊಟ್ಟಿ ಬರುವುದು ತಡವಾಗಿ ನಾನೇ ಹೋದೆ. ಬಾಗಿಲಲ್ಲೇ ಹೊಗೆ ಮುಖಕ್ಕೆ ಬಡಿಯಿತು. ಆಕೆ ಕೆಮ್ಮುತ್ತ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಮಗಳು ಪಾಠ ಬರೆಯುತ್ತಿದ್ದಳು. ಮೂಲೆಯಲ್ಲಿ ಸಿಲಿಂಡರ್ ನಿಂತಿತ್ತು. ಕೇಳಿದ್ದಕ್ಕೆ, "ಅದನ್ನ ತುಂಬಿಸಿದ್ರ ರೊಟ್ಟಿ ಮಾರಿದ್ರಾಗ ಏನ್ ಉಳಿತದ್ರೀ ಅಕ್ಕಾರ? ಕಟ್ಟಿಗೆ ಶಹಾಪುರದ ಕಡಿ ತವರುಮನಿ ಹೊಲದ್ದು, ಪುಕ್ಕಟೆ" ಎಂದಳು.

ನಮ್ಮ ಮನೆಯ ಮಸಿ ಹೋಗಿರಲಿಲ್ಲ, ಓಣಿ ಬದಲಿಸಿತ್ತು. ಅಲ್ಲಿಂದ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇನ್ನೊಬ್ಬಳು ಹೊಗೆ ಕುಡಿದು ಬೇಯಿಸಿದ ರುಚಿಯಲ್ಲಿ ನನ್ನ ಪಾಲಿನ ತಪ್ಪೆಷ್ಟು? ರೊಟ್ಟಿ ಕೊಳ್ಳುವುದನ್ನೇ ಬಿಟ್ಟರೆ ನನ್ನ ಮನಸ್ಸು ಹಗುರಾದೀತು, ಆಕೆಯ ಒಲೆಯೇ ಆರೀತು. ಅದೂ ಗಾಜು ಒರೆಸಿಕೊಂಡಂತೆಯೇ.

ಆಕೆಯನ್ನೇ ಕೇಳಿದೆ. ಸೂರಿಗೊಂದು ತಗಡಿನ ಕೊಳವೆ, ಕಟ್ಟಿಗೆ ನೆನೆಯದಂತೆ ಒಂದು ತಾಡಪತ್ರಿ, ರೊಟ್ಟಿಗೆ ಇನ್ನಷ್ಟು ದರ. ಆಕೆ ಹೇಳಿದ್ದು ಇಷ್ಟೇ. ನಾವು ನಾಲ್ಕು ಮನೆಯವರು ಸೇರಿ ಒಪ್ಪಿಕೊಂಡೆವು. ದರದ ಮಾತು ಬಂದಾಗಲೇ ನಮ್ಮಲ್ಲಿ ಹೆಚ್ಚು ಚರ್ಚೆಯಾಯಿತು, ಮೊದಲು ಹಿಂಜರಿದವಳು ನಾನೇ.

ಈಗ ಹೊಗೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಆಗಾಗ ತೆಗೆಯದಿದ್ದರೆ ಹೊಗೆ ತಿರುಗಿ ಒಳಗೇ ಬರುತ್ತದೆ. ಕೆಮ್ಮು ಇನ್ನೂ ಇದೆ. ರೊಟ್ಟಿ ತರಲು ಈಗ ನಾನೇ ಹೋಗುತ್ತೇನೆ. ಹೋದಾಗ ಮೊದಲು ನೋಡುವುದು ಒಲೆಯ ಉರಿಯನ್ನು.