ಅಜ್ಜಿಗೆ ಹೇಳಲಾರದ ಪಾಠ

ಫೆಬ್ರವರಿ, ಮಾರ್ಚ್ ಬಂತೆಂದರೆ ಠಾಣೆಯಿಂದ ಕಲ್ಯಾಣದವರೆಗೆ ಯಾವ ಮನೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿದ್ದಾರೆ ಅಂತ ಹೊರಗೆ ನಿಂತೇ ಹೇಳಬಹುದು. ರಾತ್ರಿ ಒಂದು ಗಂಟೆಗೂ ದೀಪ ಉರಿಯುತ್ತಿರುತ್ತದೆ, ಟಿ.ವಿ.ಗೆ ರಜೆ, ಊರಿನ ನೆಂಟರಿಗೂ 'ಏಪ್ರಿಲ್ ಮೇಲೆ ಬನ್ನಿ' ಎಂಬ ಸೂಚನೆ. ಜೀವಶಾಸ್ತ್ರದ ಸರದಿ ಬಂದ ದಿನ ಗೋಡೆಯಾಚೆಯಿಂದ ಉರು ಹೊಡೆಯುವ ಸದ್ದು ಕೇಳುತ್ತದೆ: ಫೋಟೋಸಿಂಥೆಸಿಸ್, ರೆಸ್ಪಿರೇಷನ್, ನೆಫ್ರಾನ್.

ಒಳನಾಡಿನ ಓದುಗರು ಇದನ್ನು ಹೊರನಾಡಿನವರ ಪಾಡು ಎಂದು ಬದಿಗಿಡಬೇಕಾಗಿಲ್ಲ. ನವಿಮುಂಬಯಿಯ ಸಿ.ಬಿ.ಎಸ್.ಇ. ಶಾಲೆಯ ಹುಡುಗ ಇಂಗ್ಲಿಷಿನಲ್ಲಿ ಓದುವ ಪಾಠವನ್ನೇ ನಿಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ಹುಡುಗಿ 'ಜೀವಕ್ರಿಯೆಗಳು' ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಓದುತ್ತಾಳೆ. ಎರಡಕ್ಕೂ ಮೂಲ ಎನ್.ಸಿ.ಇ.ಆರ್.ಟಿ. ಪುಸ್ತಕವೇ. ಅಷ್ಟೇಕೆ, ಮಹಾರಾಷ್ಟ್ರ ಸರ್ಕಾರದ ಬಾಲಭಾರತಿ ಸಂಸ್ಥೆಯೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಿಗಾಗಿ ವಿಜ್ಞಾನವನ್ನು ಕನ್ನಡದಲ್ಲೇ ಅಚ್ಚು ಹಾಕಿಸುತ್ತ ಬಂದಿದೆ. ಆದ್ದರಿಂದ ಕನ್ನಡದಲ್ಲಿ ಈ ವಿಷಯ ಹೇಳಲಾಗದು ಎಂಬ ಮಾತು ಸುಳ್ಳು. ನನ್ನ ಪ್ರಶ್ನೆ ಬೇರೆ. ತಿಳಿದದ್ದನ್ನು ಮನೆಯವರಿಗೆ ಹೇಳಲಾರದವನು ಅದನ್ನು ತಿಳಿದಿದ್ದಾನೆ ಎನ್ನಬಹುದೇ?

ಡೊಂಬಿವಲಿಯ ನಮ್ಮ ನೆರೆಯಲ್ಲಿ ಕುಂದಾಪುರ ಕಡೆಯ ಒಂದು ಸಂಸಾರವಿದೆ. ಅಜ್ಜಿಗೆ ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಮೊಮ್ಮಗಳು ಹತ್ತನೆಯಲ್ಲಿದ್ದಾಳೆ, ಜಾಣೆ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳು, ದಿನಕ್ಕೆ ಸೋಸಿ ಹೊರಬರುವುದು ಸುಮಾರು 180 ಲೀಟರ್, ಅದರಲ್ಲಿ ಮೂತ್ರವಾಗಿ ಹೋಗುವುದು ಒಂದೆರಡು ಲೀಟರ್ ಮಾತ್ರ, ಉಳಿದದ್ದನ್ನು ದೇಹ ಮತ್ತೆ ಒಳಗೆಳೆದುಕೊಳ್ಳುತ್ತದೆ — ಇದೆಲ್ಲ ಅವಳಿಗೆ ಬಾಯಿಪಾಠ. ಚಿತ್ರ ಬಿಡಿಸಿ ಹೆಸರು ಗುರುತಿಸಿದರೆ ಪೂರ್ತಿ ಅಂಕ.

ಅದೇ ಮನೆಯಲ್ಲಿ ಅಜ್ಜಿ ಕದ್ದು ಸೀಯಾಳ ಕುಡಿಯುತ್ತಿದ್ದರು. ಡಾಕ್ಟರು ಬೇಡವೆಂದಿದ್ದರು, ಮಗನೂ ಗದರಿದ್ದ. ಆದರೆ ಏಕೆ ಬೇಡ ಎಂದು ಅವರ ಮಾತಿನಲ್ಲಿ ಯಾರೂ ಹೇಳಿರಲಿಲ್ಲ. "ಸೀಯಾಳ ತಂಪಲ್ದಾ? ಅದ್ರಿಂದ ಎಂತ ಆತ್ತ್?" ಎಂದು ಅವರ ವಾದ. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಸೀಯಾಳ ವಿಷವಾಗಬಹುದು ಎಂದರೆ ನಂಬುವುದು ಹೇಗೆ? ಒಂದು ಗೋಡೆಯ ಈಚೆ ಕಿಡ್ನಿಯ ಪಾಠ, ಆಚೆ ಕೆಟ್ಟ ಕಿಡ್ನಿ. ನಡುವೆ ಮಾತಿಲ್ಲ.

ಇಂಗ್ಲಿಷ್ ಮಾಧ್ಯಮದ ತಪ್ಪು ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ 'ದ್ಯುತಿಸಂಶ್ಲೇಷಣೆ' ಎಂದ ಕೂಡಲೇ ಅಜ್ಜಿಗೆ ಬೆಳಕಾಗುತ್ತದೆಯೇ? ನಮ್ಮ ಮರಾಠಿ ನೆರೆಯವರ ಮಕ್ಕಳು 'ಪ್ರಕಾಶಸಂಶ್ಲೇಷಣ' ಎನ್ನುತ್ತಾರೆ; ಅವರ ಅಜ್ಜಿಯೂ ಕಣ್ಣು ಕಣ್ಣು ಬಿಡುತ್ತಾಳೆ. ಇಂಗ್ಲಿಷನ್ನು ಉರು ಹೊಡೆಯುವ ಹಾಗೆಯೇ ಕನ್ನಡವನ್ನೂ ಉರು ಹೊಡೆಯಬಹುದು. ಪಾರಿಭಾಷಿಕ ಪದ ಬೇಕು, ಪರೀಕ್ಷೆಗೂ ಬೇಕು, ಆಸ್ಪತ್ರೆಗೂ ಬೇಕು. ಆದರೆ ಅದು ಡಬ್ಬಿಯ ಮೇಲಿನ ಚೀಟಿ. ಡಬ್ಬಿಯೊಳಗೆ ಏನಿದೆ ಎಂಬುದು ಮನೆಮಾತಿನಲ್ಲಿ ಬಿಚ್ಚಿ ಹೇಳಿದಾಗಲೇ ಗೊತ್ತಾಗುವುದು.

ಬಿಚ್ಚಲು ಸಾಮಾನು ಮನೆಯಲ್ಲೇ ಇದೆ. ಕಿಟಕಿಯ ಗ್ರಿಲ್ಲಿನಲ್ಲಿ ತೂಗುವ ಮನಿಪ್ಲಾಂಟ್ ಎಲೆಯಲ್ಲಿ ಹಸಿರಿರುವ ಕಡೆ ಅಡುಗೆ ನಡೆಯುತ್ತದೆ, ಬಿಳಿಯಿರುವ ಕಡೆ ಇಲ್ಲ. ಒಲೆಗೆ ಬಿಸಿಲು, ಸಾಮಾನು ನೀರು ಮತ್ತು ಗಾಳಿಯ ಕಾರ್ಬನ್ ಡೈ ಆಕ್ಸೈಡ್. ಮುಂಬಯಿಯ ಸೆಕೆಗೆ ರಾತ್ರಿ ಉಕ್ಕಿ ಪಾತ್ರೆಯಿಂದ ಚೆಲ್ಲುವ ಇಡ್ಲಿ ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಆಮ್ಲಜನಕದ ಹಂಗಿಲ್ಲದೆ ಬದುಕುತ್ತ ಅನಿಲ ಬಿಡುತ್ತಿರುತ್ತವೆ. ಉಡುಪಿ ಹೋಟೆಲುಗಳಲ್ಲಿ ಹಿಟ್ಟು ರುಬ್ಬಿ ಬದುಕು ಕಟ್ಟಿದವರ ಮಕ್ಕಳಿಗೆ ಇದನ್ನು ತಿಳಿಯಲು ಕೋಚಿಂಗ್ ಕ್ಲಾಸಿಗೇ ಹೋಗಬೇಕೆ? ಇನ್ನು ರಾತ್ರಿ ಮರದ ಕೆಳಗೆ ಮಲಗಬಾರದು ಎಂಬ ಹಿರಿಯರ ಮಾತು. ಕತ್ತಲಲ್ಲಿ ಮರ ಅಡುಗೆ ನಿಲ್ಲಿಸುತ್ತದೆ, ಉಸಿರಾಟ ನಿಲ್ಲಿಸುವುದಿಲ್ಲ. ಅಷ್ಟರಮಟ್ಟಿಗೆ ಮಾತು ಸರಿ. ಆದರೆ ಬಯಲಲ್ಲಿ ಮಲಗಿದವನಿಗೆ ಅದರಿಂದ ಕೇಡಾಗುವಷ್ಟು ಕಾರ್ಬನ್ ಡೈ ಆಕ್ಸೈಡ್ ಅಲ್ಲಿ ಸೇರುವುದಿಲ್ಲ. ಹಿರಿಯರನ್ನು ನಗೆ ಮಾಡದೆ ಹೀಗೆ ಮಾತಾಡಿದರೆ ಪಾಠ ಎರಡೂ ಕಡೆ ಹರಿಯುತ್ತದೆ.

ಹೊರನಾಡಿನಲ್ಲಿದ್ದೇ ಈ ಕೆಲಸ ಮಾಡಿದವರಿದ್ದಾರೆ. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ಅಲ್ಲೇ ಪ್ರಾಂಶುಪಾಲರೂ ಆದರು. ಸಂಶೋಧನೆ ಇಂಗ್ಲಿಷಿನಲ್ಲಿ ನಡೆಯಿತು. ಆದರೆ ಕಾಡುಮೇಡು ಅಲೆದು ಕಂಡ ಗಿಡಮರಗಳ ಕತೆಯನ್ನು 'ಹಸುರು ಹೊನ್ನು' ಮಾಡಿ ಕನ್ನಡಿಗರ ಕೈಗಿಟ್ಟರು. 1978ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರಿಗೆ ಅಂಕ ಹಾಕುವವರು ಯಾರೂ ಇರಲಿಲ್ಲ. ಕಲಿತದ್ದನ್ನು ತನ್ನವರಿಗೆ ಹೇಳುವುದು ಒಂದು ಋಣ ಎಂದು ನನಗನ್ನಿಸುವುದು ಇಂಥವರನ್ನು ನೆನೆದಾಗ. ಅದು ಭಾಷೆಗೆ ಸಲ್ಲಿಸುವ ಋಣ ಎನ್ನುವುದಕ್ಕಿಂತ ಮನುಷ್ಯರಿಗೆ ಸಲ್ಲಿಸುವ ಋಣ. ಫೀಸು ಕಟ್ಟಿದವರು, ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡಿ ದುಡಿದವರು, ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು — ಮಗುವಿನ ವಿದ್ಯೆಯಲ್ಲಿ ಅವರ ಪಾಲೂ ಇದೆ. ಆ ಪಾಲನ್ನು ಅವರಿಗೆ ಅರ್ಥವಾಗುವ ನಾಣ್ಯದಲ್ಲಿ ಕೊಡಬೇಡವೇ?

'ಪರೀಕ್ಷೆ ತಲೆಯ ಮೇಲಿರುವಾಗ ಇದಕ್ಕೆಲ್ಲ ಹೊತ್ತೆಲ್ಲಿ?' ಎಂಬ ತಾಯಂದಿರ ಮಾತನ್ನು ತಳ್ಳಿಹಾಕುವಂತಿಲ್ಲ. ನೆರೆಮನೆಯಲ್ಲಿ ಅದಕ್ಕೆ ಹಿಡಿದದ್ದು ಒಂದು ಸಂಜೆ. ಅಮ್ಮನ ಒತ್ತಾಯಕ್ಕೆ ಹುಡುಗಿ ಅಜ್ಜಿಯ ಮಗ್ಗುಲಲ್ಲಿ ಕೂತು ಕಿಡ್ನಿಯ ಪಾಠ ಹೇಳತೊಡಗಿದಳಂತೆ. 'ಹಾಗಾದರೆ ಸೀಯಾಳದಲ್ಲಿ ಏನಿದೆ?' ಎಂದು ಅಜ್ಜಿ ಕೇಳಿದಾಗ ಉತ್ತರ ಪುಸ್ತಕದಲ್ಲಿರಲಿಲ್ಲ. ಮರುದಿನ ಡಯಾಲಿಸಿಸ್ ಕೊಠಡಿಯ ನರ್ಸ್ ಬಾಯಿಯನ್ನು ಕೇಳಿ ಬಂದಳು: ಸೀಯಾಳದಲ್ಲಿ ಪೊಟ್ಯಾಸಿಯಂ ಹೆಚ್ಚು, ಒಳ್ಳೆಯ ಕಿಡ್ನಿ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ, ಕೆಟ್ಟ ಕಿಡ್ನಿ ಹಾಕಲಾರದು, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಮೊದಲೇ ಹೇಳುಕ್ ಆಗ್ತಿರ್ಲಿಲ್ಯಾ?" ಎಂದರಂತೆ. ಹುಡುಗಿ ಓದಿದ ಇಡೀ ಪಾಠಕ್ಕೆ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಬೆಂಗಳೂರಿನ, ಹುಬ್ಬಳ್ಳಿಯ ಮನೆಗಳಲ್ಲೂ ಅದನ್ನು ಕೇಳುವ ಅಜ್ಜಿಯರಿದ್ದಾರೆ.